ಚಿಕ್ಕ ಮನೆಗೆ ಎಂಥ ನಾಯಿ?

ಕೇಳುಗರಿಗೆ ನಮಸ್ಕಾರ. ನಾಯಿಯನ್ನು ದತ್ತು ಪಡೆಯಲು ಹೊರಟವರ ಬಾಯಲ್ಲಿ ಬರುವ ಮೊದಲ ಮಾತು ಒಂದೇ: "ನಮ್ಮದು ಚಿಕ್ಕ ಮನೆ, ಚಿಕ್ಕ ನಾಯಿ ಇದ್ದರೆ ಹೇಳಿ." ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಎರಡು ಕೋಣೆ ಒಂದು ಬಾಲ್ಕನಿಯಲ್ಲಿ ಸಂಸಾರ ಹೂಡಿದವರು ಹೀಗೆ ಕೇಳುವುದು ಸಹಜವೇ. ಆದರೆ ಮನೆಯ ಚದರಡಿಗೂ ನಾಯಿಯ ಎತ್ತರಕ್ಕೂ ತಾಳೆ ಹಾಕಿ ಪ್ರಯೋಜನವಿಲ್ಲ. ಆ ನಾಯಿಗೆ ಸುಮ್ಮನೆ ಮಲಗಿರಲು ಬರುತ್ತದೆಯೇ, ಅದನ್ನು ನೋಡಬೇಕು.

ಬೀಗಲ್ ನಮ್ಮ ಮಂಡಿಯೆತ್ತರಕ್ಕೂ ಬರುವುದಿಲ್ಲ. ಆದರೆ ಮೊಲದ ಜಾಡು ಹಿಡಿದು, ತಾನೆಲ್ಲಿದ್ದೇನೆ ಎಂದು ಹಿಂದಿರುವ ಬೇಟೆಗಾರರಿಗೆ ಕೂಗಿ ತಿಳಿಸಲೆಂದೇ ಇಂಗ್ಲೆಂಡಿನಲ್ಲಿ ಬೆಳೆಸಿದ ತಳಿ ಅದು. ದಿನವಿಡೀ ಒಂಟಿಯಾಗಿ ಬಿಟ್ಟು ಹೋದರೆ ಮೂರ್ತಿ ಚಿಕ್ಕದಾದರೂ ಕೀರ್ತಿ ಇಡೀ ಕಟ್ಟಡಕ್ಕೆ ಹಬ್ಬುತ್ತದೆ. ನಮ್ಮ ಮುಧೋಳದ ನಾಯಿ ಅದಕ್ಕಿಂತ ಎಷ್ಟೋ ಎತ್ತರ. ಬಯಲಿನಲ್ಲಿ ಚೆನ್ನಾಗಿ ಓಡಿ ಬಂದ ದಿನ ಅದು ಉದ್ದ ಕಾಲುಗಳನ್ನು ಮಡಚಿಕೊಂಡು ಮೂಲೆಯಲ್ಲಿ ಗಂಟೆಗಟ್ಟಲೆ ಮಲಗುತ್ತದೆ. ಓಡಲು ಜಾಗವೇ ಸಿಗದ ಬಡಾವಣೆಯಲ್ಲಿ ಮಾತ್ರ ಅದನ್ನು ಸಾಕುವ ಯೋಚನೆ ಬಿಡುವುದು ಒಳ್ಳೆಯದು.

ಬೆಳೆದ ನಾಯಿಯನ್ನೇ ತನ್ನಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಬೀದಿಯ ಮರಿ ಮುಂದೆ ಎಷ್ಟು ಎತ್ತರ ಬೆಳೆಯುತ್ತದೆ, ಎಂಥ ದನಿ, ಎಂಥ ಸಿಟ್ಟು, ಯಾರಿಗೂ ಗೊತ್ತಿರುವುದಿಲ್ಲ. ಎರಡು ವರ್ಷ ದಾಟಿದ ನಾಯಿಯಲ್ಲಿ ಇವೆಲ್ಲ ಎದುರಿಗೇ ಕಾಣುತ್ತವೆ. ಚಪ್ಪಲಿ, ಚಾರ್ಜರ್ ವೈರು ಕಡಿಯುವ ಮರಿತನದ ಕಾಟವೂ ಬಹುಮಟ್ಟಿಗೆ ಮುಗಿದಿರುತ್ತದೆ. ನನ್ನನ್ನು ಕೇಳಿದರೆ ಐದಾರು ವರ್ಷದ ಬೀದಿ ನಾಯಿಯೇ ಚಿಕ್ಕ ಮನೆಗೆ ಲೇಸು. ಹುಡುಗಾಟ ಇಳಿದಿರುತ್ತದೆ, ಆರೈಕೆ ಚೆನ್ನಾಗಿದ್ದರೆ ಮುಂದೆ ಇನ್ನೂ ಹಲವು ವರ್ಷ ಬಾಳುತ್ತದೆ.

ಆಶ್ರಯಧಾಮಕ್ಕೆ ಹೋದಾಗ ಬೋನಿನೊಳಗಿನ ಬೊಗಳಾಟ ಕಂಡು ತೀರ್ಮಾನಕ್ಕೆ ಬರಬೇಡಿ. ಅಲ್ಲಿ ಒಂದು ಬೊಗಳಿದರೆ ಎಲ್ಲವೂ ಬೊಗಳುತ್ತವೆ. ಹಾಗೆಯೇ ಮೂಲೆಯಲ್ಲಿ ಮುದುಡಿ ಕುಳಿತ ನಾಯಿಯನ್ನು "ಪಾಪ, ಸಾಧು" ಎಂದುಕೊಂಡು ಕರೆತರಲೂಬೇಡಿ. ಬಾಲ ಹೊಟ್ಟೆಯಡಿ ಸೇರಿದೆಯೇ? ಹಸಿವಿಲ್ಲದಿದ್ದರೂ ಮತ್ತೆ ಮತ್ತೆ ತುಟಿ ನೆಕ್ಕುತ್ತಿದೆಯೇ? ಮೂಗಿನ ಬಳಿ ಹಿಡಿದ ಬಿಸ್ಕತ್ತನ್ನೂ ಮುಟ್ಟುತ್ತಿಲ್ಲವೇ? ಅದು ಸಾಧುತನವಲ್ಲ, ಭಯ. ಅಂಥ ನಾಯಿಯೂ ಸುಧಾರಿಸುತ್ತದೆ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಹಗಲು ಮನೆಯಲ್ಲಿ ಯಾರಾದರೂ ಇರಬೇಕು.

ಅನುಮತಿ ಪಡೆದು ನಾಯಿಯನ್ನು ಹೊರಗೆ ನಡೆಸಿಕೊಂಡು ಹೋಗಿ. ಸ್ವಲ್ಪ ಸುತ್ತಾಡಿ ಒಂದು ಕಡೆ ಕುಳಿತುಕೊಳ್ಳಿ, ಮುದ್ದು ಮಾಡದೆ ಸುಮ್ಮನಿರಿ. ಕೆಲವು ನಾಯಿಗಳು ಹಗ್ಗ ಜಗ್ಗುತ್ತಲೇ ಇರುತ್ತವೆ. ಕೆಲವು ಸುತ್ತ ಮೂಸಿ ನೋಡಿ, ಒಂದು ನಿಟ್ಟುಸಿರು ಬಿಟ್ಟು, ಸೊಂಟ ಒಂದು ಬದಿಗೆ ಹಾಕಿ ಮಲಗುತ್ತವೆ. ನಿಮಗೆ ಬೇಕಾದದ್ದು ಎರಡನೆಯದು. ಬೈಕೊಂದು ಜೋರಾಗಿ ಹೋದರೆ ಅದೂ ಬೆಚ್ಚಬಹುದು, ತಪ್ಪಿಲ್ಲ. ಬೆಚ್ಚಿದ ಮೇಲೆ ಎಷ್ಟು ಬೇಗ ಸಮಾಧಾನಕ್ಕೆ ಬರುತ್ತದೆ ಎಂಬುದನ್ನು ನೋಡಿ.

ಯಾರದಾದರೂ ಮನೆಯಲ್ಲಿ ತಾತ್ಕಾಲಿಕವಾಗಿ ಇಟ್ಟಿರುವ ನಾಯಿ ಸಿಕ್ಕರೆ ಇನ್ನೂ ಅನುಕೂಲ. ಕುಕ್ಕರ್ ಕೂಗಿದಾಗ, ಮಿಕ್ಸಿ ತಿರುಗಿದಾಗ ಏನು ಮಾಡುತ್ತದೆ? ಲಿಫ್ಟ್ ಹತ್ತುತ್ತದೆಯೇ? ನಾಲ್ಕು ಗಂಟೆ ಒಂಟಿಯಾಗಿ ಇರಬಲ್ಲದೇ? ಹಿಂದೆ ಯಾರಾದರೂ ಒಯ್ದು ವಾಪಸ್ ತಂದಿದ್ದರೆ ಏಕೆ? ಈ ಕೊನೆಯ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿರುವವರು, ಕಾಲು ಹಿಡಿದುಕೊಂಡಾಗ ಎತ್ತಿ ಇಳಿಸಬಲ್ಲಷ್ಟು ತೂಕದ ನಾಯಿಯನ್ನೇ ಆರಿಸಿಕೊಳ್ಳಿ. ಗಾತ್ರದ ಲೆಕ್ಕ ಬರುವುದು ಇಲ್ಲಿ.

ಇನ್ನು ಕಾಗದಪತ್ರ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಸಂತಾನಹರಣ ಚಿಕಿತ್ಸೆ ಆಗಿದೆ ಎಂದರ್ಥ. ರೇಬೀಸ್ ಲಸಿಕೆಯ ಪುಸ್ತಕವನ್ನು ಕೇಳಿ ಪಡೆಯಿರಿ. ರಕ್ತ ಹೀರುವ ಉಣ್ಣಿ ಹುಳು ಕಚ್ಚಿ ನಾಯಿಗೆ ಬರುವ ಜ್ವರ ನಮ್ಮಲ್ಲಿ ಸಾಮಾನ್ಯ, ಆದ್ದರಿಂದ ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿ. ನಾಯಿ ಸಾಕುವುದನ್ನು ನಿವಾಸಿಗಳ ಸಂಘ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೆ ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಒಪ್ಪಿಗೆಯನ್ನು ಮೊದಲೇ ಬರೆಸಿಕೊಳ್ಳಿ. ನಾಯಿ ಮನೆಗೆ ಹೊಂದಿಕೊಂಡ ಮೇಲೆ ಮಾಲೀಕರು ತಕರಾರು ತೆಗೆದರೆ ಬೀದಿಗೆ ಬೀಳುವುದು ಅದೇ.

ತಂದ ಮೊದಲ ವಾರ ನೆಂಟರಿಷ್ಟರನ್ನು ಕರೆಯಬೇಡಿ. ಅದಕ್ಕೊಂದು ಮೂಲೆ, ಒಂದು ಹಳೆಯ ಜಮಖಾನ ಸಾಕು. ನಿಜವಾದ ಸ್ವಭಾವ ಹೊರಬೀಳಲು ಕೆಲವು ವಾರಗಳೇ ಹಿಡಿಯುತ್ತವೆ. ದೀಪಾವಳಿ ಹತ್ತಿರವಿದ್ದರೆ ಮಾತ್ರ ಅವಸರ ಬೇಡ, ಪಟಾಕಿ ಸದ್ದು ಅಡಗಿದ ಮೇಲೆಯೇ ಕರೆತನ್ನಿ. ನಮಸ್ಕಾರ.