ಬ್ಲೋವರ್ ನಿಂತಾಗಲೇ ಹಿಡಿಯಬೇಕು

ಸದ್ದು ಕೇಳಿಸ್ತಾ ಇದೆಯಾ? ಇಲ್ಲ ಅಲ್ವಾ. ಅದೇ ಸಮಸ್ಯೆ. ಕಾರಿನ ಬ್ಲೋವರ್, ಅಂದರೆ ಒಳಗೆ ಗಾಳಿ ತಳ್ಳುವ ಫ್ಯಾನ್, ಅದರ ನಾಬ್ ನಾಲ್ಕರಲ್ಲಿದೆ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿದೆ, ಗಾಳಿ ಮಾತ್ರ ಬರುತ್ತಿಲ್ಲ.

ಇದು 2004ರ ಕಾರು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೇವೆ. ಹೊರಗೆ ಮಳೆ, ಒಳಗೆ ಇಬ್ಬರ ಉಸಿರು, ಹಿಂದಿನ ಸೀಟಿನಲ್ಲಿ ಒದ್ದೆ ಜರ್ಕಿನ್. ಬ್ಲೋವರ್ ನಿಂತರೆ ಸ್ವಲ್ಪ ಹೊತ್ತಿಗೇ ಮುಂದಿನ ಗಾಜು ಪೂರ್ತಿ ಮಬ್ಬು. ಎಸಿ ಹಾಕಿದರೆ ಆಗಲ್ವಾ ಅಂತೀರೇನೋ. ಎಸಿಗೂ ಹೀಟರಿಗೂ ಗಾಳಿ ತಳ್ಳುವುದು ಇದೊಂದೇ ಫ್ಯಾನ್. ನನ್ನ ತಮ್ಮ ಟವೆಲ್ ಹಿಡಿದು ಗಾಜು ಒರೆಸುತ್ತಾ ಕೂತಿದ್ದಾನೆ, ನೋಡಿ.

ಗ್ಯಾರೇಜಿಗೆ ಹೋದಾಗೆಲ್ಲ ಇದು ಚೆನ್ನಾಗಿ ಓಡುತ್ತದೆ. ಒಂದು ಕಡೆ ನೋಡದೇನೇ 'ಮೋಟರ್ ಚೇಂಜ್ ಮಾಡ್ಬಿಡೋಣ ಸಾರ್' ಅಂದರು. ಕೆಟ್ಟಿದೆಯೋ ಇಲ್ಲವೋ ಗೊತ್ತಿಲ್ಲದ ಮೋಟರಿಗೆ ಯಾಕೆ ದುಡ್ಡು ಹಾಕಬೇಕು? ಆಗಾಗ ಬಂದು ಹೋಗುವ ಕಂಪ್ಲೇಂಟನ್ನು ಅದು ಬಂದಾಗಲೇ ಹಿಡಿಯಬೇಕು.

ಫ್ಯಾನಿನ ಸ್ಪೀಡ್ ತಗ್ಗಿಸುವ ರೆಸಿಸ್ಟರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಂದು, ಎರಡು, ಮೂರು ಓಡದೆ ನಾಲ್ಕು ಮಾತ್ರ ಓಡಿದರೆ ಸಾಮಾನ್ಯವಾಗಿ ರೆಸಿಸ್ಟರ್ ಹೋಗಿದೆ ಅಂತ. ನನ್ನದರಲ್ಲಿ ನಿಂತಾಗ ನಾಲ್ಕೂ ನಿಲ್ಲುತ್ತವೆ. ಫ್ಯೂಸ್ ನೋಡಿದೆ, ಗಟ್ಟಿಯಾಗಿದೆ. ಕೆಲವರು ಇಲ್ಲಿ ದೊಡ್ಡ ಆಂಪಿನ ಫ್ಯೂಸ್ ಹಾಕಿ ಸುಮ್ನಾಗುತ್ತಾರೆ. ದಯವಿಟ್ಟು ಬೇಡ. ಲೂಸ್ ಕಾಂಟ್ಯಾಕ್ಟಿನಲ್ಲಿ ಕರೆಂಟ್ ಕಡಿಮೆಯಾಗುತ್ತದೆ, ಹಾಗಾಗಿ ಫ್ಯೂಸ್ ಹೋಗುವುದೂ ಇಲ್ಲ, ನಿಮಗೆ ಸುಳಿವು ಕೊಡುವುದೂ ಇಲ್ಲ.

ಒಂದು ಸುಳಿವು ಮಾತ್ರ ಇತ್ತು. ಒಂದನೇ ಸ್ಪೀಡಿನಲ್ಲಿ ಎಷ್ಟು ಹೊತ್ತಾದರೂ ಓಡುತ್ತದೆ. ನಾಲ್ಕಕ್ಕಿಟ್ಟರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಆಫ್ ಮಾಡಿ ತಣ್ಣಗಾಗಲು ಬಿಟ್ಟರೆ ಮತ್ತೆ ಶುರು. ಅಂದರೆ ಎಲ್ಲೋ ಬಿಸಿಯಾಗುತ್ತಿದೆ.

ಮನೆಗೆ ಬಂದು ಗ್ಲೋವ್ ಬಾಕ್ಸ್ ಇಳಿಸಿದೆ. ಈ ಕಪ್ಪು ಡಬ್ಬಿಯ ಕೆಳಗೆ ಕಾಣುತ್ತಿರುವುದೇ ಬ್ಲೋವರ್ ಮೋಟರ್. ಅದರ ಎರಡು ವೈರಿಗೂ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಸೇರಿಸಿದೆ. ಬಲ್ಬನ್ನು ಟೇಪ್ ಹಾಕಿ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದೆ. ಲೆಕ್ಕ ಸರಳ. ಮೋಟರ್ ನಿಂತು ಬಲ್ಬ್ ಉರಿಯುತ್ತಿದ್ದರೆ ತಪ್ಪು ಮೋಟರಿನದು, ಬಹುಶಃ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ. ಎರಡೂ ಒಟ್ಟಿಗೆ ಹೋದರೆ ಮೋಟರಿಗೆ ಕರೆಂಟೇ ಸರಿಯಾಗಿ ಸಿಗುತ್ತಿಲ್ಲ.

ಮತ್ತೆ ರಸ್ತೆಗೆ ಇಳಿದೆವು, ನಾಲ್ಕನೇ ಸ್ಪೀಡ್. ಬಲ್ಬ್ ಮೊದಲು ಮಿಣುಕಿತು. ಆಮೇಲೆ ತಮ್ಮ, 'ಅಣ್ಣಾ, ಬಲ್ಬೂ ಹೋಯ್ತು!' ಅಂದ. ಅವನ ಖುಷಿ ನೋಡಿ, ಕಾರು ಕೆಟ್ಟಿದ್ದಕ್ಕೆ ಇಷ್ಟು ಖುಷಿ ಪಟ್ಟವರನ್ನು ನಾನು ನೋಡಿಲ್ಲ.

ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ ವೋಲ್ಟ್ ಅಳೆಯುವ ಮೀಟರ್ ಹಿಡಿದೆ. ಕಪ್ಪು ಪ್ರೋಬ್ ಕಾರಿನ ಲೋಹದ ಬಾಡಿಯ ಮೇಲೆ. ಕೆಂಪು ಪ್ರೋಬ್ ಮೋಟರಿನ ಪಾಸಿಟಿವ್ ವೈರಿಗೆ: 13.8 ವೋಲ್ಟ್. ಅಲ್ಲಿಗೆ ಫ್ಯೂಸ್, ಕರೆಂಟ್ ಹಾಯಿಸುವ ಸ್ವಿಚ್ಚಾದ ರಿಲೇ, ಎರಡೂ ಪಾಸ್. ಈಗ ಇನ್ನೊಂದು ವೈರಿಗೆ ಇಡುತ್ತೇನೆ. ನಾಲ್ಕನೇ ಸ್ಪೀಡಿನಲ್ಲಿ ಇಲ್ಲಿ ಸೊನ್ನೆಯ ಹತ್ತಿರ ಇರಬೇಕು. ಇದೆಷ್ಟು? 13.8! ಕರೆಂಟ್ ಮೋಟರ್ ತನಕ ಬಂದಿದೆ, ವಾಪಸ್ ಹೋಗಲು ದಾರಿ ಇಲ್ಲ. ಈ ಕಾರಿನಲ್ಲಿ ಸ್ಪೀಡ್ ಸ್ವಿಚ್ ಇರುವುದು ಅರ್ತ್ ಕಡೆಯಲ್ಲಿ, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಯಲ್ಲಿ. ಹಾಗಾಗಿ ಮುಂದಿನ ಅನುಮಾನ ಸ್ವಿಚ್ ಮೇಲೆ.

ಬ್ಯಾಟರಿ ಟರ್ಮಿನಲ್ ತೆಗೆದು ಹೀಟರ್ ಪ್ಯಾನೆಲ್ ಬಿಚ್ಚಿದೆ. ಸ್ವಿಚ್ಚಿಗೆ ವೈರ್ ಜೋಡಿಸುವ ಈ ಕಪ್ಲರ್ ನೋಡಿ. ಬಿಳಿ ಪ್ಲಾಸ್ಟಿಕ್, ಅರ್ತ್ ಪಿನ್ ಸುತ್ತ ಮಾತ್ರ ಕಂದು ಬಣ್ಣ, ಒಂದು ಮೂಲೆ ಕರಗಿ ಬಾಗಿದೆ. ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಮಜಾ ಅಂದರೆ, ತಣ್ಣಗಿರುವಾಗ ಮೀಟರಿನಲ್ಲಿ ಕಂಟಿನ್ಯೂಟಿ (ದಾರಿ ಕಡಿಯದೆ ಕೂಡಿದೆಯಾ ಅಂತ) ನೋಡಿದರೆ ಬೀಪ್ ಅನ್ನುತ್ತದೆ, ಎಲ್ಲ ಸರಿ ಅನ್ನಿಸುತ್ತದೆ. ಬೀಪ್ ಆಗಲು ಪಿನ್ ಒಂಚೂರು ತಾಗಿದ್ದರೂ ಸಾಕು. ಫ್ಯಾನ್ ಓಡಿಸಲು ಸಾಲದು.

ಸಣ್ಣ ಲೆಕ್ಕ ಹಾಕೋಣ. ಫುಲ್ ಸ್ಪೀಡಿನಲ್ಲಿ 15 ಆಂಪ್ ಹರಿಯುತ್ತದೆ ಅಂದುಕೊಳ್ಳಿ. ಪಿನ್ ಸಡಿಲಾಗಿ 0.1 ಓಮ್ ತಡೆ ಬಂದರೂ ಸಾಕು, ಆ ಜಾಗದಲ್ಲೇ 22 ವ್ಯಾಟಿನಷ್ಟು ಶಾಖ. ಹೆಚ್ಚುಕಮ್ಮಿ ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಪ್ಲಾಸ್ಟಿಕ್ ಒಳಗೆ ತುರುಕಿ ಇಟ್ಟ ಹಾಗೆ. ಬಿಸಿಯಾದಷ್ಟೂ ಪಿನ್ ಇನ್ನೂ ಸಡಿಲ, ಸಡಿಲಾದಷ್ಟೂ ಇನ್ನೂ ಬಿಸಿ.

ಕಪ್ಲರ್ ಕತ್ತರಿಸಿದೆ. ವೈರಿನ ಒಳಗೂ ತಾಮ್ರ ಕಪ್ಪಾಗಿತ್ತು. ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸುತ್ತಾ ಹೋಗಬೇಕು, ಇಲ್ಲಿ ಜಿಪುಣತನ ಬೇಡ. ಹೊಸ ಕಪ್ಲರ್, ಹೊಸ ಸ್ವಿಚ್ ಎರಡನ್ನೂ ಹಾಕಿದೆ. ಸ್ವಿಚ್ಚಿನ ಪಿನ್ನೂ ಸುಟ್ಟಿತ್ತಲ್ಲ, ಹಳೆಯದಕ್ಕೇ ಹೊಸ ಕಪ್ಲರ್ ಚುಚ್ಚಿದರೆ ಅದೂ ಸುಡುತ್ತದೆ.

ಇನ್ನೊಂದು ಕೆಲಸ ಬಾಕಿ. ಮೋಟರೇ ಬಿಗಿಯಾಗಿ ತಿರುಗುತ್ತಾ ಜಾಸ್ತಿ ಕರೆಂಟ್ ಎಳೆಯುತ್ತಿದ್ದರೆ ಈ ರಿಪೇರಿಯೂ ಬಾಳಲ್ಲ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದೆ: ನಾಲ್ಕರಲ್ಲಿ 13 ಆಂಪ್. ಪರವಾಗಿಲ್ಲ. ಫ್ಯಾನಿನೊಳಗೆ ಒಣಗಿದ ಎಲೆ ಇದ್ದವು, ತೆಗೆದೆ. ನನ್ನ ಈ ಹಳೇ ಕಾರಿಗೆ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಎಲ್ಲಿಂದ ಬರಬೇಕು!

ಈಗ ನಾಲ್ಕರಲ್ಲೇ ಬಿಟ್ಟು ಓಡಿಸುತ್ತಿದ್ದೇನೆ, ಸ್ವಿಚ್ ಹಿಂದೆ ಕೈ ಇಟ್ಟರೆ ಬೆಚ್ಚಗೂ ಇಲ್ಲ. ಒಂದರಲ್ಲಿ ಮಾತ್ರ ಸಣ್ಣಗೆ ಕೀಚ್ ಅನ್ನುತ್ತೆ. ಅದು ಮೋಟರಿನ ಶಾಫ್ಟ್ ತಿರುಗುವ ಬುಷ್ ಇರಬೇಕು. ಮಳೆ ಮುಗಿಯಲಿ, ಬಿಚ್ಚಿ ನೋಡೋಣ.