ಹೆಂಗಸರಿಗೆ ಲಕ್ವ ಹೊಡೆದಾಗ ಗಡಿಯಾರ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಪಾರ್ಶ್ವವಾಯುವಿನ ಬಗ್ಗೆ ಮಾತಾಡಲು ಕರೆದಿದ್ದಾರೆ. ನನಗೆ ಹೇಳುವುದಕ್ಕಿರುವುದು ಒಂದೇ ಮಾತು, ಅದೂ ಮುಖ್ಯವಾಗಿ ಮನೆಯ ಯಜಮಾನರಿಗೆ, ಗಂಡುಮಕ್ಕಳಿಗೆ. ಮನೆಯ ಹೆಂಗಸಿಗೆ ಲಕ್ವ ಹೊಡೆದರೆ ಗಡಿಯಾರ ನೋಡಿ, ಆ ಕ್ಷಣವೇ ಹೊರಡಿ.

ಮಿದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ. ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಅದು ಮೈಗೆ ಹೋಗಬೇಕು. ಈ ಚಿಕಿತ್ಸೆ ಸಿಗದೆ ಹೋದರೆ ಗಂಡಸರಿಗಿಂತ ಹೆಂಗಸರೇ ಹೆಚ್ಚು ನಲುಗುತ್ತಾರೆ. ಸಿಕ್ಕರೆ ಆ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಆದರೂ ಈ ಇಂಜೆಕ್ಷನ್ ಕಡಿಮೆ ಸಿಗುವುದು ಹೆಂಗಸರಿಗೇ. ಯಾಕೆ?

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಅರವತ್ತರ ಆಸುಪಾಸು. ರಾತ್ರಿ ಪಾತ್ರೆ ತೊಳೆಯುವಾಗ ಬಲಗೈಯಿಂದ ಚೊಂಬು ಜಾರಿತು, ಮಾತು ತೊದಲಿತು. ‘ಏನಿಲ್ಲ, ತಲೆಸುತ್ತು’ ಎಂದರು. ‘ಪಿತ್ತ ಇರಬೇಕು, ಮಲಗು’ ಎಂದರು ಯಜಮಾನರು. ಬೆಳಿಗ್ಗೆ ಬಲಗೈ ಏಳಲಿಲ್ಲ. ಆಕೆ ಎಡಗೈಯಲ್ಲೇ ಹಸುವಿನ ಹಾಲು ಕರೆದರು! ಆಮೇಲೆ ನಿಂಬೆಹಣ್ಣಿನ ಪಾನಕವಾಯಿತು, ನಾಟಿ ಔಷಧದ ಎಣ್ಣೆಯಾಯಿತು, ಬೆಂಗಳೂರಿನಿಂದ ಮಗ ಬರಲಿ ಎಂದು ಕಾದದ್ದಾಯಿತು. ನಮ್ಮ ಆಸ್ಪತ್ರೆಗೆ ಬಂದಾಗ ಮಧ್ಯಾಹ್ನ. ಶುರುವಾದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಗಂಡನೂ ಮಗನೂ ಮುಖ ಮುಖ ನೋಡಿಕೊಂಡರು. ಉತ್ತರ ಕೊಟ್ಟದ್ದು ಮೊಮ್ಮಗಳು: ‘ಟಿವಿಯಲ್ಲಿ ಧಾರಾವಾಹಿ ಮುಗಿಯುವಾಗ ಅಜ್ಜಿ ಚೊಂಬು ಬೀಳಿಸಿದಳು.’ ಹೊತ್ತು ಗೊತ್ತಾಯಿತು, ಇಂಜೆಕ್ಷನ್ನಿನ ಸಮಯ ಎಂದೋ ಮೀರಿತ್ತು. ಹಿಂದಿನ ವರ್ಷ ಇದೇ ಯಜಮಾನರಿಗೆ ಎದೆಯುರಿ ಬಂದಾಗ ನಡುರಾತ್ರಿ ಜೀಪು ಕರೆಸಿದ್ದವರು ಈ ತಾಯಿಯೇ. ಅದು ಬರೀ ಆಸಿಡಿಟಿ.

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಎಲ್ಲರಲ್ಲೂ ಇದೆ. ಹೆಂಗಸರಲ್ಲಿ ಜೊತೆಗೆ ವಿಪರೀತ ಸುಸ್ತು, ಗೊಂದಲ ಕಾಣಿಸಬಹುದು. ಕೆಲಸದ ಆಯಾಸ ಎಂದು ತಳ್ಳಿಹಾಕಬೇಡಿ. ಬಾಣಂತಿಗೆ ನೀರು ಕೊಡದ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ, ದಯವಿಟ್ಟು ಬಿಡಿ. ಮೈಯಲ್ಲಿ ನೀರು ಕಡಿಮೆಯಾದರೆ ಹೆರಿಗೆಯ ನಂತರದ ವಾರಗಳಲ್ಲಿ ಮಿದುಳಿನ ಅಭಿಧಮನಿಯಲ್ಲೇ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳದಲ್ಲೇ, ರಕ್ತ ಹೆಪ್ಪುಗಟ್ಟಬಹುದು. ಬಾಣಂತಿಗೆ ಬಿಡದೆ ತಲೆನೋವು, ಫಿಟ್ಸ್ ಬಂದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ.

108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು, ಮಾತ್ರೆ, ಪಾನಕ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಮಗನಿಗೆ ದಾರಿಯಲ್ಲಿ ಫೋನ್ ಮಾಡಿದರೆ ಸಾಕು.

ಚೇತರಿಕೆಯ ಬಗ್ಗೆ ಒಂದೇ ಮಾತು. ಗಂಡನಿಗೆ ಲಕ್ವ ಹೊಡೆದರೆ ಹೆಂಡತಿ ದಿನವೂ ಕೈಕಾಲು ಆಡಿಸುತ್ತಾಳೆ. ಹೆಂಡತಿಗಾದರೆ ವ್ಯಾಯಾಮ ಬೇಗ ನಿಂತುಹೋಗುತ್ತದೆ, ಮನಸ್ಸೂ ಕುಗ್ಗುತ್ತದೆ. ಹಾಗಾಗಿ ವ್ಯಾಯಾಮದ ಚೀಟಿಯನ್ನು ಈಗ ನಾನು ಯಜಮಾನರ ಕೈಗೇ ಕೊಡುತ್ತೇನೆ. ಮುಂದಿನ ಸಲ ಬಂದಾಗ ಕೇಳುವುದೂ ಅವರನ್ನೇ. ನಮಸ್ಕಾರ.