ಮೊದಲ ವರ್ಷದ ಮೂರು ಪರ್ಸೆಂಟ್

ಅಮೆರಿಕದಲ್ಲಿ ಸಣ್ಣ ಕಂಪನಿ ನಡೆಸುವ ಎಲ್ಲರಿಗೂ ನಮಸ್ಕಾರ. ಊಟದ ಹೊತ್ತಾಗ್ತಾ ಬಂತು, ನೇರ ವಿಷಯಕ್ಕೆ ಬರುತ್ತೇನೆ.

ಊರಿನ ಪಿಎಫ್ ನಿಮಗೆಲ್ಲ ಗೊತ್ತು. ಬೇಸಿಕ್‌ನಲ್ಲಿ 12 ಪರ್ಸೆಂಟ್ ಕಟ್, ಬೇಕಾ ಬೇಡವಾ ಅಂತ ಯಾರೂ ಕೇಳುವುದಿಲ್ಲ. ಅಮೆರಿಕದ 401(ಕೆ), ಅಂದರೆ ಕಂಪನಿಯ ಮೂಲಕ ನಿವೃತ್ತಿಗೆ ಹಣ ಕೂಡಿಡುವ ಪ್ಲಾನ್, ಹಾಗಲ್ಲ. ಎಷ್ಟು ಹಾಕುವುದು ಅನ್ನುವುದು ಅವರವರ ಇಷ್ಟ. ಕೈಯಲ್ಲಿ ಕಾಸಿದ್ದವರು ಜಾಸ್ತಿ ಹಾಕುತ್ತಾರೆ. ಬಾಡಿಗೆಗೇ ಸಂಬಳ ಮುಗಿಯುವವರು ಹಾಕುವುದೇ ಇಲ್ಲ. ಹೀಗೆ ಕೂಡಿಡುವುದರ ತೆರಿಗೆ ಲಾಭವೆಲ್ಲ ಮಾಲೀಕರಿಗೆ, ದೊಡ್ಡ ಸಂಬಳದವರಿಗೇ ಸೇರಬಾರದು ಅಂತ ಸರ್ಕಾರ ಇಟ್ಟಿರುವ ಪರೀಕ್ಷೆಯೇ ಎಡಿಪಿ (ಆಕ್ಚುಯಲ್ ಡೆಫರಲ್ ಪರ್ಸೆಂಟೇಜ್) ಟೆಸ್ಟ್. ಅವರು ಸಂಬಳದಲ್ಲಿ ಸರಾಸರಿ ಎಷ್ಟು ಪರ್ಸೆಂಟ್ ಹಾಕಿದರು, ಉಳಿದ ನೌಕರರು ಎಷ್ಟು ಹಾಕಿದರು ಅಂತ ಹೋಲಿಸಿ ನೋಡುತ್ತಾರೆ.

ಒಂದು ಕಂಪನಿ ಅಂದುಕೊಳ್ಳಿ. ಗಂಡ, ಹೆಂಡತಿ, ನಾಲ್ಕು ಜನ ನೌಕರರು. ಗಂಡನ ಸಂಬಳ 1,50,000 ಡಾಲರ್, ಹೆಂಡತಿಯದು 50,000. ಷೇರೆಲ್ಲ ಗಂಡನ ಹೆಸರಲ್ಲಿ. ಆದರೂ ಕಾನೂನಿನ ಕಣ್ಣಲ್ಲಿ ಇಬ್ಬರೂ ಎಚ್‌ಸಿಇ, ಅಂದರೆ ಹೈಲಿ ಕಾಂಪೆನ್ಸೇಟೆಡ್ ಎಂಪ್ಲಾಯಿ, ದೊಡ್ಡ ಸಂಬಳದವರ ಸಾಲು. 5 ಪರ್ಸೆಂಟ್‌ಗಿಂತ ಹೆಚ್ಚು ಒಡೆತನ ಇದ್ದರೆ ಸಾಕು, ಗಂಡನ ಪಾಲು ಹೆಂಡತಿಗೂ ಲೆಕ್ಕ. ಒಂದು ಷೇರೂ ಇಲ್ಲದಿದ್ದರೂ ಆ ಸಾಲಿನಲ್ಲಿ ಅವರ ಹೆಸರು ಮಾತ್ರ ಗ್ಯಾರಂಟಿ!

ಮೊದಲ ವರ್ಷ ನೌಕರರಲ್ಲಿ ಒಬ್ಬರು 6 ಪರ್ಸೆಂಟ್ ಹಾಕಿದರು, ಒಬ್ಬರು 2, ಉಳಿದಿಬ್ಬರು ಸೊನ್ನೆ. ಸೊನ್ನೆಯೂ ಲೆಕ್ಕಕ್ಕೆ ಬರುತ್ತೆ. ಸರಾಸರಿ 2. ಆದರೆ ಹೊಸ ಪ್ಲಾನ್‌ಗೆ ಹಿಂದಿನ ವರ್ಷ ಇರುವುದಿಲ್ಲ ಅಲ್ವಾ? ನೌಕರರ ಹಿಂದಿನ ವರ್ಷದ ಸರಾಸರಿ ಜೊತೆ ಹೋಲಿಸುವ ವಿಧಾನ ಹಿಡಿದವರಿಗೆ, ಮೊದಲ ವರ್ಷ ನೌಕರರ ಸರಾಸರಿ 3 ಅಂತಲೇ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ. ಆಗ ಮಾಲೀಕರ ಸರಾಸರಿ ಅದಕ್ಕಿಂತ 2 ಹೆಚ್ಚು, ಅಂದರೆ 5ರವರೆಗೆ ಹೋಗಬಹುದು. ಇಬ್ಬರೂ 5 ಹಾಕಿದರು, ಪಾಸಾದರು.

ಎಡವುವುದು ಎರಡನೇ ವರ್ಷ. ಧೈರ್ಯ ಬಂದು ಇಬ್ಬರೂ 10 ಪರ್ಸೆಂಟ್ ಹಾಕಿದರು. ಈಗ ಹಿಡಿಯುವುದು ಹೋದ ವರ್ಷದ ನಿಜವಾದ 2. ಮಾಲೀಕರ ಮಿತಿ 4. ಹೆಚ್ಚಾಗಿದ್ದು ಗಂಡನ ಕಡೆ 9,000, ಹೆಂಡತಿ ಕಡೆ 3,000, ಒಟ್ಟು 12,000 ಡಾಲರ್. ವಾಪಸ್ ಕೊಡುವಾಗ ಲೆಕ್ಕ ಬೇರೆ. ಡಾಲರ್‌ನಲ್ಲಿ ಜಾಸ್ತಿ ಹಾಕಿದವರಿಂದ ಇಳಿಸುತ್ತಾ ಬರಬೇಕು. ಗಂಡನಿಗೆ 11,000 ವಾಪಸ್, ಹೆಂಡತಿಗೆ 1,000. ಇಬ್ಬರಿಗೂ ಉಳಿಯುವುದು ತಲಾ 4,000. ವಾಪಸ್ ಬಂದ ಹಣಕ್ಕೆ ತೆರಿಗೆ ಕಟ್ಟಬೇಕು. ಡಿಸೆಂಬರ್‌ಗೆ ಮುಗಿಯುವ ಪ್ಲಾನ್ ಆದರೆ ಮಾರ್ಚ್ 15ರೊಳಗೆ ಕೊಡದಿದ್ದರೆ ಸಾಮಾನ್ಯವಾಗಿ ಕಂಪನಿ ಮೇಲೆ 10 ಪರ್ಸೆಂಟ್ ದಂಡ ಬೀಳುತ್ತದೆ.

ಇನ್ನೊಂದು ಮಾತು. ನಿಮ್ಮ ಹತ್ತಿರ ಎರಡು ಲಕ್ಷ ಡಾಲರ್ ಸಂಬಳಕ್ಕೆ ಹೊಸದಾಗಿ ಸೇರಿದ ಎಂಜಿನಿಯರ್ ಇದ್ದಾರಾ? ಷೇರಿಲ್ಲದಿದ್ದರೆ, ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ನೌಕರರ ಸಾಲಿನಲ್ಲೇ. ಯಾಕಂದ್ರೆ ನೋಡುವುದು ಹಿಂದಿನ ವರ್ಷ ನಿಮ್ಮ ಕಂಪನಿ ಕೊಟ್ಟ ಸಂಬಳವನ್ನು. 2026ರ ಲೆಕ್ಕಕ್ಕೆ 2025ರಲ್ಲಿ 1,60,000 ದಾಟಿರಬೇಕು. ಅವರು ಧಾರಾಳವಾಗಿ ಹಾಕಿದರೆ ಸರಾಸರಿ ಏರುತ್ತದೆ. ಮುಂದಿನ ವರ್ಷ ಬೇಲಿ ದಾಟಿ ನಿಮ್ಮ ಕಡೆ ಬಂದುಬಿಡುತ್ತಾರೆ.

ನನ್ನನ್ನು ಕೇಳಿದರೆ, ಸಣ್ಣ ಕಂಪನಿಗೆ ಈ ತಲೆನೋವು ಯಾಕೆ? ಸೇಫ್ ಹಾರ್ಬರ್ ಅನ್ನುವ ಬಗೆಯ 401(ಕೆ) ತೊಗೊಳ್ಳಿ. ನೌಕರರಿಗೆ ಸಂಬಳದ 3 ಪರ್ಸೆಂಟ್ ಕಂಪನಿಯೇ ಹಾಕುತ್ತದೆ, ಅದು ಅಂದಿನಿಂದಲೇ ಅವರ ಹಣ. ನಾಲ್ವರಿಗೂ ತಲಾ 60,000 ಸಂಬಳ ಅಂದರೆ ವರ್ಷಕ್ಕೆ 7,200 ಡಾಲರ್. ಎಡಿಪಿ ಟೆಸ್ಟೇ ಇಲ್ಲ, ಗಂಡ ಹೆಂಡತಿ ಕಾನೂನು ಒಬ್ಬರಿಗೆ ಇಟ್ಟಿರುವ ವರ್ಷದ ಪೂರ್ತಿ ಮಿತಿಯವರೆಗೆ ಹಾಕಬಹುದು. ಕ್ಯಾಲೆಂಡರ್ ವರ್ಷದ ಹೊಸ ಪ್ಲಾನ್ ಸಾಮಾನ್ಯವಾಗಿ ಅಕ್ಟೋಬರ್ 1ರೊಳಗೆ ಶುರುವಾಗಬೇಕು. ಆಗಷ್ಟೇ ಹುಟ್ಟಿದ ಕಂಪನಿಗೆ ಸ್ವಲ್ಪ ರಿಯಾಯಿತಿ ಉಂಟು. ಪೇಪರ್ ತಂದಿದ್ದರೆ ಕೊಡಿ, ಊಟ ಮಾಡ್ತಾ ನೋಡೋಣ.